ಕಾಲೇಜಿಗೆ ಹೊಸ ವೈಫೈ: ಕಲಬುರಗಿ ಬಿಸಿಲಿಗೆ ತಾಳುವ ಹಾಗೆ ಹಾಕುವುದು ಹೇಗೆ

ಬೇಸಿಗೆ ರಜೆ ಬಿದ್ದ ಕೂಡಲೇ ಕೆಲಸ ಶುರು ಮಾಡಿ, ಮೊದಲು ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಏರ್ಪಾಡು) ಅಳೆಯಿರಿ. ನಮ್ಮ ಕಡೆಯ ಎರೆ ಮಣ್ಣು ಮಳೆಗಾಲದಲ್ಲಿ ತೇವ ಹಿಡಿದು ಒಳ್ಳೆಯ ಅರ್ಥ್ ಕೊಡುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ನೆಲದಲ್ಲಿ ಹೂತ ಅರ್ಥ್ ಪೈಪಿನಿಂದ ಸರಿದು ನಿಲ್ಲುತ್ತದೆ. ಆದ್ದರಿಂದ ಏಪ್ರಿಲ್‌ನಲ್ಲಿ ಬಂದ ಅಳತೆಯನ್ನೇ ನಂಬಿ. ಸಾಕೆಟ್ಟಿನ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮಲ್ಟಿಮೀಟರ್ 3 ವೋಲ್ಟ್ ದಾಟಿ ತೋರಿಸಿದರೆ ನ್ಯೂಟ್ರಲ್ ಸಡಿಲವೋ, ಅರ್ಥ್ ಒಣಗಿದೆಯೋ ಎಂದು ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸಿ. ಅರ್ಥ್ ಗುಂಡಿಯ ಇದ್ದಿಲು, ಉಪ್ಪು ಬದಲಿಸಿ ನೀರು ಹಾಕಿದ ಮೇಲೆ ಅರ್ಥ್ ಟೆಸ್ಟರ್ 5 ಓಮ್‌ಗಿಂತ ಕಡಿಮೆ ತೋರಿಸಬೇಕು. ಇದಾಗುವ ಮುಂಚೆ ಹೊಸ ಸ್ವಿಚ್‌ನ (ನೆಟ್‌ವರ್ಕ್ ಕೇಬಲ್‌ಗಳೆಲ್ಲ ಬಂದು ಸೇರುವ ಸಾಧನ) ಪೆಟ್ಟಿಗೆಯನ್ನೂ ತೆರೆಯಬೇಡಿ.

ಸ್ವಿಚ್ ಮತ್ತು ಯುಪಿಎಸ್‌ಗೆ ಉತ್ತರ ಇಲ್ಲವೇ ಪೂರ್ವಕ್ಕಿರುವ, ಕೆಳಮಹಡಿಯ ಗಾಳಿಯಾಡುವ ಕೋಣೆ ಕೊಡಿ. ಸಾಧಾರಣ ಸ್ವಿಚ್‌ಗಳು 40ರಿಂದ 50 ಡಿಗ್ರಿವರೆಗೆ ಮಾತ್ರ ತಾಳುತ್ತವೆ. ಹೊರಗೆ 42 ಇದ್ದ ದಿನ ಮೆಟ್ಟಿಲ ಕೆಳಗೆ ಬೀಗ ಹಾಕಿದ ರ‍್ಯಾಕ್ ಈ ಮಿತಿಯನ್ನು ದಾಟಿಬಿಡುತ್ತದೆ. ಬ್ಯಾಟರಿಗಂತೂ ಸೆಕೆ ಇನ್ನೂ ಕೆಟ್ಟದ್ದು: 25 ಡಿಗ್ರಿ ಮೇಲೆ ಪ್ರತಿ 10 ಡಿಗ್ರಿಗೆ ಲೆಡ್-ಆಸಿಡ್ ಬ್ಯಾಟರಿಯ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಸ್ವಿಚ್, ರೌಟರ್, ಫೈಬರ್ ಪೆಟ್ಟಿಗೆ ಸೇರಿ 200 ವ್ಯಾಟ್ ಎಳೆದರೆ 12 ವೋಲ್ಟ್, 42 ಆಂಪಿಯರ್-ಅವರ್‌ನ ಎರಡು ಹೊಸ ಬ್ಯಾಟರಿ ಮೂರು ತಾಸಿನ ಹತ್ತಿರ ನಡೆಸುತ್ತವೆ. ಕರೆಂಟ್ ಹೋದಾಗ ನೆಟ್ ಉಳಿಯಬೇಕೆಂದರೆ ಆಕ್ಸೆಸ್ ಪಾಯಿಂಟ್‌ಗಳಿಗೂ (ವೈಫೈ ಸಿಗ್ನಲ್ ಹರಡುವ ಪೆಟ್ಟಿಗೆಗಳಿಗೂ) ಈ ಸ್ವಿಚ್‌ನಿಂದಲೇ, ಅಂದರೆ ಪಿಒಇ (ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕಳಿಸುವ ವಿಧಾನ) ಮೂಲಕ, ವಿದ್ಯುತ್ ಹೋಗಬೇಕು. ಅಡಾಪ್ಟರ್ ಹಾಕಿ ಗೋಡೆಯ ಸಾಕೆಟ್ಟಿಗೆ ಕೊಟ್ಟರೆ ಯುಪಿಎಸ್ ಇದ್ದೂ ಉಪಯೋಗವಿಲ್ಲ.

ಕಟ್ಟಡದೊಳಗೆ ಪೂರ್ತಿ ತಾಮ್ರದ ಕ್ಯಾಟ್-6 ನೆಟ್‌ವರ್ಕ್ ಕೇಬಲ್ ಎಳೆಯಿರಿ, ತುದಿಯ ಚಿಕ್ಕ ಪ್ಯಾಚ್ ಕಾರ್ಡ್ ಸೇರಿ ಒಂದೊಂದು ಎಳೆತ 100 ಮೀಟರ್ ಮೀರಬಾರದು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಅಗ್ಗ, ಆದರೆ ಪಿಒಇ ಹೊತ್ತಾಗ ಬಿಸಿಯಾಗುತ್ತದೆ, ವೋಲ್ಟೇಜೂ ಕುಸಿಯುತ್ತದೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬರೀ 30 ಮೀಟರ್ ಇದ್ದರೂ ಫೈಬರ್ ಹಾಕಿಸಿ. ಮೇ ತಿಂಗಳ ಗುಡುಗು-ಮಿಂಚಿನ ಮಳೆಯಲ್ಲಿ ಎರಡು ಕಟ್ಟಡಗಳ ಅರ್ಥ್ ನಡುವಿನ ವ್ಯತ್ಯಾಸ ತಾಮ್ರದ ಕೇಬಲ್ ಹಿಡಿದು ಬಂದು ಎರಡೂ ಕಡೆಯ ಪೋರ್ಟ್ ಸುಡುತ್ತದೆ.

ಆಕ್ಸೆಸ್ ಪಾಯಿಂಟ್‌ಗಳನ್ನು ವರಾಂಡದಲ್ಲಿ ಸಾಲಾಗಿ ತೂಗುಹಾಕುವ ರೂಢಿ ಬಿಡಿ. ಶಹಾಬಾದ ಕಲ್ಲಿನ ದಪ್ಪ ಗೋಡೆ ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಸಿಗ್ನಲ್ ಬಹುಪಾಲು ಸತ್ತಿರುತ್ತದೆ. ವರಾಂಡದಲ್ಲಿ ಮಾತ್ರ ಅವು ಒಂದರ ದನಿಗೆ ಇನ್ನೊಂದು ಅಡ್ಡ ಬರುತ್ತಿರುತ್ತವೆ. ತರಗತಿಯೊಳಗೇ ಹಾಕಿ. 60 ವಿದ್ಯಾರ್ಥಿಗಳ ಕೋಣೆಗೆ ಒಂದು ಬೇಕೇ ಬೇಕು. ಮೇಲಿನ ಮಹಡಿಯಲ್ಲಿ ಕಾದ ಸ್ಲ್ಯಾಬಿಗೆ ಅಂಟಿಸದೆ ಗೋಡೆಯ ಮೇಲೆ ಎಂಟೊಂಬತ್ತು ಅಡಿ ಎತ್ತರದಲ್ಲಿ ಕೂಡಿಸಿ. 2.4 ಗಿಗಾಹರ್ಟ್ಸ್‌ನಲ್ಲಿ 1, 6, 11ನೇ ಚಾನೆಲ್‌ಗಳನ್ನಷ್ಟೇ 20 ಮೆಗಾಹರ್ಟ್ಸ್ ಅಗಲದಲ್ಲಿ ಬಳಸಿ. 5 ಗಿಗಾಹರ್ಟ್ಸ್‌ನಲ್ಲಿ 40 ಮೆಗಾಹರ್ಟ್ಸ್ ಸಾಕು.

"ಸಿಗ್ನಲ್ ಫುಲ್ ಐತ್ರೀ, ನೆಟ್ ಬರವಲ್ದು" ಎಂಬ ದೂರು ಹೊಸ ಸಲಕರಣೆ ಬಂದ ಮೇಲೂ ನಿಲ್ಲದಿದ್ದರೆ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಪ್ರತಿ ಸಾಧನಕ್ಕೆ ಸಿಗುವ ಸಂಖ್ಯೆ) ಮುಗಿದಿರಬಹುದು. ರೌಟರ್ ಬಂದ ಹಾಗೇ ಬಿಟ್ಟರೆ ಸಾಮಾನ್ಯವಾಗಿ ಇರುವುದು ಹೆಚ್ಚೆಂದರೆ 254 ವಿಳಾಸ. ಒಂದು ತಾಸಿನಲ್ಲಿ 400 ಮೊಬೈಲ್ ಬಂದರೆ ಉಳಿದವಕ್ಕೆ ಏನೂ ಸಿಗದು. ಈಗಿನ ಫೋನ್‌ಗಳು ಮ್ಯಾಕ್ ವಿಳಾಸ (ಸಾಧನದ ಗುರುತಿನ ಸಂಖ್ಯೆ) ಬದಲಿಸಿಕೊಳ್ಳುವುದರಿಂದ ಒಂದೇ ಫೋನ್ ಎರಡು ಮೂರು ಐಪಿ ವಿಳಾಸ ಹಿಡಿದು ಕೂತಿರುವುದೂ ಉಂಟು. ವಿದ್ಯಾರ್ಥಿಗಳಿಗೆ ಬೇರೆ ವಿಲ್ಯಾನ್ (ಅದೇ ಸಲಕರಣೆಯಲ್ಲಿ ಬೇರ್ಪಡಿಸಿದ ನೆಟ್‌ವರ್ಕ್) ಮಾಡಿ, ಅದರಲ್ಲಿ ಎಷ್ಟು ವಿಳಾಸ ಇರಬೇಕೆಂದು ಹೇಳುವ ಮಾಸ್ಕ್ 255.255.252.0 ಕೊಡಿ, 1022 ವಿಳಾಸ ಸಿಗುತ್ತವೆ. ಡಿಎಚ್‌ಸಿಪಿ ಲೀಸ್, ಅಂದರೆ ಒಂದು ಸಾಧನ ತನಗೆ ಸಿಕ್ಕ ವಿಳಾಸ ಇಟ್ಟುಕೊಳ್ಳುವ ಅವಧಿ, 24 ತಾಸು ಇದ್ದರೆ 2 ತಾಸಿಗೆ ಇಳಿಸಿ. ಒಂದೇ ಪಾಸ್‌ವರ್ಡ್ ಎಲ್ಲರಿಗೂ ಹಂಚುವ ಬದಲು ನೋಂದಣಿ ಸಂಖ್ಯೆಯ ಮೇಲೆ ಲಾಗಿನ್ ಕೊಟ್ಟರೆ ಯಾರು ಯಾವಾಗ ಬಂದರು ಎಂಬ ದಾಖಲೆ ಇರುತ್ತದೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನ ಇಂಥ ದಾಖಲೆಗಳನ್ನು (ಲಾಗ್) 180 ದಿನ ಇಡಲು ಹೇಳುತ್ತದೆ.

ಬದಲಾವಣೆಯ ದಿನ ಆರಿಸುವಾಗ ಕಚೇರಿಯವರನ್ನು ಕೇಳಿ. ಯುಯುಸಿಎಂಎಸ್‌ನಲ್ಲಿ (ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳ ಆನ್‌ಲೈನ್ ವ್ಯವಸ್ಥೆ) ಪ್ರವೇಶ ಅಥವಾ ಪರೀಕ್ಷಾ ಅರ್ಜಿ ತುಂಬುವ ವಾರ ಕೇಬಲ್ ಮುಟ್ಟಲೇಬಾರದು, ಕೊನೆಯ ದಿನ ನೆಟ್ ನಿಂತರೆ ನಷ್ಟ ಆಗುವುದು ಹುಡುಗರಿಗೆ. ಸೂಚನೆಯನ್ನು ಒಂದು ವಾರ ಮುಂಚೆ ಕನ್ನಡದಲ್ಲಿ, ಉರ್ದು ಓದುವವರಿದ್ದರೆ ಉರ್ದುವಿನಲ್ಲೂ ಹಚ್ಚಿ: ಹೊಸ ಹೆಸರು, ಲಾಗಿನ್ ಆಗುವ ವಿಧಾನ, ತೊಂದರೆಯಾದರೆ ಯಾವ ಕೋಣೆಗೆ ಬರಬೇಕು, ಯಾವ ಹೊತ್ತಿಗೆ.

ಹಳೆಯ ವೈಫೈ ಹೆಸರನ್ನು ಎರಡು ವಾರ ಜೊತೆಗೇ ನಡೆಯಲು ಬಿಡಿ. ಆಮೇಲೂ ಅದರಲ್ಲಿ ಯಾರಿದ್ದಾರೆ ಎಂದು ಕಂಟ್ರೋಲರ್‌ನ (ಎಲ್ಲ ಆಕ್ಸೆಸ್ ಪಾಯಿಂಟ್ ನಿಯಂತ್ರಿಸುವ ವ್ಯವಸ್ಥೆ) ಪಟ್ಟಿ ನೋಡಿದರೆ ಉಳಿದಿರುವುದು ಬಹುತೇಕ ಗ್ರಂಥಾಲಯದ ಪ್ರಿಂಟರ್, ಬಯೋಮೆಟ್ರಿಕ್ ಹಾಜರಾತಿ ಯಂತ್ರ, ಒಂದೆರಡು ಕ್ಯಾಮೆರಾ. ಇವುಗಳಲ್ಲಿ ವೈಫೈ ಹೆಸರನ್ನೂ, ಸಾಮಾನ್ಯವಾಗಿ ಐಪಿಯನ್ನೂ ಕೈಯಿಂದ ಕೂಡಿಸಿರುತ್ತಾರೆ, ತಾವಾಗಿ ಬದಲಾಗುವುದಿಲ್ಲ. ಒಂದೊಂದರ ಮುಂದೆ ಹೋಗಿ ಹೊಸ ವೈಫೈ ಹೆಸರು, ವಿಳಾಸ, ಮಾಸ್ಕ್, ಗೇಟ್‌ವೇ (ರೌಟರ್‌ನ ವಿಳಾಸ) ತುಂಬಿ, ರಿಜಿಸ್ಟರಿನಲ್ಲಿ ಬರೆದಿಟ್ಟ ಮೇಲೆಯೇ ಹಳೆಯದನ್ನು ಬಂದ್ ಮಾಡಿ.