ಒಂದೇ ಕಂಪನಿಯಿಂದ ನೂರಾರು ಜನರಿಗೆ ಮೋಸವೇ? ಒಟ್ಟಾಗಿ ದೂರು ಕೊಡುವುದು ಹೀಗೆ

ಒಮ್ಮೆ ಚಾರ್ಜ್ ಮಾಡಿದರೆ ನೂರು ಕಿಲೋಮೀಟರ್ ಓಡುತ್ತದೆಂದು ನಂಬಿಸಿ ಮಾರಿದ ಸ್ಕೂಟರ್ ಅರವತ್ತಕ್ಕೇ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ಕೇಳಲು ಹೋದರೆ ಶೋರೂಮಿನವರು ‘ನೀವು ಓಡಿಸುವ ರೀತಿಯೇ ಸರಿಯಿಲ್ಲ’ ಅನ್ನುತ್ತಾರೆ. ಅದೇ ಮಾಡೆಲ್ ಕೊಂಡ ಇನ್ನೂರು ಜನರ ಗಾಡಿಯೂ ಅರವತ್ತಕ್ಕೇ ನಿಂತರೆ ಆ ಮಾತು ನಿಲ್ಲುವುದಿಲ್ಲ. ಇಂಥ ಸಂದರ್ಭಕ್ಕೆಂದೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 35(1)(ಸಿ) ಕಲಂ ಇದೆ. ಗ್ರಾಹಕರ ಆಯೋಗದ ಅನುಮತಿ ಪಡೆದು ಒಬ್ಬರೋ ಕೆಲವರೋ ಎಲ್ಲರ ಪರವಾಗಿ ದೂರು ಕೊಡಬಹುದು.

ಮೊದಲು ಪಟ್ಟಿ

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೈದುಕೊಂಡರೆ ಸಾಕ್ಷ್ಯವಾಗುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯಿರಿ: ಹೆಸರು, ಬಿಲ್ ನಂಬರ್, ಕೊಂಡ ತಾರೀಖು, ಕೊಟ್ಟ ಹಣ, ಕಂಪನಿಗೆ ದೂರಿದ ದಿನ. ಬಿಲ್ಲಿನ ಜೊತೆ ಜಾಹೀರಾತಿನ ಪ್ರತಿಯನ್ನೂ ಇಟ್ಟುಕೊಳ್ಳಿ. ಕೊಟ್ಟ ಮಾತು ಇರುವುದು ಅದರಲ್ಲೇ. ವ್ಯಾಜ್ಯಕ್ಕೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಬೇಕು. ಕಂಪನಿಗೆ ಮೇಲ್ ಮೇಲೆ ಮೇಲ್ ಕಳಿಸುತ್ತಾ ಕೂತರೆ ಆ ಗಡುವು ಮುಂದೆ ಹೋಗುವುದಿಲ್ಲ.

ಎಲ್ಲರ ನೋವೂ ಒಂದೆಯೇ?

ಹೆಚ್ಚಿನವರು ಎಡವುವುದು ಇಲ್ಲೇ. ಬೆಂಗಳೂರಿನದೇ ಉದಾಹರಣೆಯಿದೆ. ಬ್ರಿಗೇಡ್ ಎಂಟರ್‌ಪ್ರೈಸಸ್ ಕಟ್ಟಿದ ಮೂರು ಬ್ಲಾಕ್‌ಗಳ ವಸತಿ ಸಮುಚ್ಚಯದಲ್ಲಿ ಒಟ್ಟು 1,134 ಫ್ಲ್ಯಾಟ್‌ಗಳು. ಅವುಗಳಲ್ಲಿ 51 ಫ್ಲ್ಯಾಟ್ ಕೊಂಡಿದ್ದ 91 ಮಂದಿ, ಸ್ವಾಧೀನ ತಡವಾಯಿತೆಂದು ಎಲ್ಲ ಖರೀದಿದಾರರ ಪರವಾಗಿ ರಾಷ್ಟ್ರೀಯ ಆಯೋಗಕ್ಕೆ ಹೋದರು. ಆಯೋಗ ಒಪ್ಪಿತು. ಆದರೆ 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಉಳಿದವರ ಹಿತವೂ ಇವರ ಹಿತವೂ ಒಂದೇ ಎಂದು ದೂರಿನಲ್ಲಿ ತೋರಿಸಿಕೊಟ್ಟಿರಲಿಲ್ಲ. ದೂರು ವಜಾ ಆಗಲಿಲ್ಲ, ಆ 91 ಜನರ ಜಂಟಿ ದೂರಾಗಿ ಮಾತ್ರ ಉಳಿಯಿತು.

ಹಾಗಾಗಿ ನಿಮ್ಮ ಪಟ್ಟಿಯನ್ನು ಸೋಸಿ. ಮೈಲೇಜ್ ಬಾರದವರೆಲ್ಲ ಒಂದು ಕಡೆ. ನೋಂದಣಿ ತಡವಾಯಿತೆಂದು ಸಿಟ್ಟಾದವರು ಇನ್ನೊಂದು ಕಡೆ. ಅವರ ದೂರು ಬೇರೆ. ಸೋಸಿದ ಮೇಲೆ ಹತ್ತಿಪ್ಪತ್ತು ಜನರೇ ಉಳಿದರೆ ಜಂಟಿ ದೂರೇ ಸಾಕು, ಅದರಲ್ಲಿ ಕಡಿಮೆಯೇನಿಲ್ಲ.

ಎಲ್ಲಿ ಕೊಡಬೇಕು?

ಪರಿಹಾರವಾಗಿ ಎಷ್ಟು ಕೇಳುತ್ತೀರಿ ಎಂಬುದಲ್ಲ, ಕೊಳ್ಳುವಾಗ ಎಷ್ಟು ಕೊಟ್ಟಿರಿ ಎಂಬುದೇ ಲೆಕ್ಕ. 50 ಲಕ್ಷದವರೆಗೆ ಜಿಲ್ಲಾ ಆಯೋಗ, 2 ಕೋಟಿವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲೆ ದೆಹಲಿಯ ರಾಷ್ಟ್ರೀಯ ಆಯೋಗ. ಎಲ್ಲರ ಪರವಾದ ದೂರಿನಲ್ಲಿ ಎಲ್ಲರೂ ಕೊಟ್ಟ ಹಣ ಕೂಡುತ್ತದೆ: 1.2 ಲಕ್ಷದ 200 ಸ್ಕೂಟರ್ ಎಂದರೆ 2.4 ಕೋಟಿ, ನೇರ ದೆಹಲಿ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ದೂರಿನ ಜೊತೆ ಅನುಮತಿ ಕೋರುವ ಪ್ರತ್ಯೇಕ ಅರ್ಜಿಯನ್ನು ಮರೆಯಬೇಡಿ. ಎಷ್ಟು ಜನ, ಯಾವ ಮಾತು ತಪ್ಪಿದ್ದು, ಎಲ್ಲರಿಗೂ ಏನು ಪರಿಹಾರ ಎಂಬುದನ್ನು ಅದರಲ್ಲಿ ಬಿಡಿಸಿ ಬರೆಯಿರಿ.

ಇಷ್ಟೆಲ್ಲ ಓಡಾಡಲು ಆಗದವರು ನೋಂದಾಯಿತ ಗ್ರಾಹಕರ ಸಂಘದ ಮೂಲಕ ಹೋಗಬಹುದು, ಇಲ್ಲವೇ ಜಿಲ್ಲಾಧಿಕಾರಿಗೆ ಬರೆದು ಕೊಡಬಹುದು. ಸರಕು ವಾಪಸ್ ತರಿಸುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ. ಸಲಹೆಗೆ 1915 ಸಹಾಯವಾಣಿ.

ಅನುಮತಿ ಸಿಕ್ಕ ಮೇಲೆ

ಉಳಿದ ಗ್ರಾಹಕರಿಗೆಲ್ಲ ನೋಟಿಸ್ ಹೋಗಬೇಕು. ವಿಳಾಸ ಸಿಗದಷ್ಟು ಜನರಿದ್ದರೆ ಪತ್ರಿಕೆಯಲ್ಲಿ ಪ್ರಕಟಣೆ. ಅದರ ಖರ್ಚು ದೂರುದಾರರದ್ದೇ, ಮೊದಲೇ ಎಲ್ಲರೂ ಸೇರಿ ಹಣ ಎತ್ತಿಡಿ. ಪತ್ರಿಕೆಯ ಒಳಪುಟದ ಆ ಸಣ್ಣಕ್ಷರದ ಪ್ರಕಟಣೆಗಳನ್ನು ನಾವು ಓದದೆ ಮಗುಚುತ್ತೇವೆ. ನಿಮ್ಮ ಬಳಿಯೂ ಅದೇ ಮಾಡೆಲ್ ಇದ್ದರೆ ಓದಿ, ಏಕೆಂದರೆ ಬರುವ ತೀರ್ಪು ನಿಮಗೂ ಅನ್ವಯಿಸುತ್ತದೆ. ಬೇಕಿದ್ದರೆ ನೀವೂ ಅರ್ಜಿ ಹಾಕಿ ಪಕ್ಷಗಾರರಾಗಬಹುದು.

ಮುಂದೆ ನಿಂತವರನ್ನು ಕಂಪನಿಯವರು ಕರೆದು ‘ನಿಮಗೆ ಹಣ ವಾಪಸ್ ಕೊಡುತ್ತೇವೆ, ಕೇಸ್ ಬಿಡಿ’ ಎನ್ನಬಹುದು. ದೂರಿಗೆ ಸಂಬಂಧಪಟ್ಟ ಗ್ರಾಹಕರಿಗೆಲ್ಲ ಮತ್ತೆ ನೋಟಿಸ್ ಕೊಡದೆ ಇಂಥ ದೂರನ್ನು ಹಿಂಪಡೆಯುವಂತಿಲ್ಲ, ರಾಜಿಯನ್ನೂ ಮಾಡಿಕೊಳ್ಳುವಂತಿಲ್ಲ.