ಜೇಬಿನ ಚಾಕು, ಕೀಲಿಗೊಂಚಲಿನ ಉಪಕರಣ: ಯಾವುದಕ್ಕೆ ಆಯುಸ್ಸು ಹೆಚ್ಚು?

ಪರದೇಶದಿಂದ ಬರುವ ಮಕ್ಕಳು ಉಡುಗೊರೆಯಾಗಿ ತರುವ ಕೆಂಪು ಹಿಡಿಯ ಸ್ವಿಸ್ ಚಾಕು ಈಗ ನಮ್ಮ ಅನೇಕ ಮನೆಗಳಲ್ಲಿದೆ. ಅದರ ಜೊತೆಗೇ ಕೀಲಿಗೊಂಚಲಿಗೆ ಸಿಕ್ಕಿಸುವ ಪುಟ್ಟ ಉಪಕರಣವೂ ಬಂದಿರುತ್ತದೆ. ಕತ್ತರಿ, ಇಕ್ಕಳ, ಅರ, ಸ್ಕ್ರೂ ಡ್ರೈವರ್ ಎಲ್ಲವೂ ಒಂದು ಬೆರಳಿನಷ್ಟು ಜಾಗದಲ್ಲಿ. ಎರಡರಲ್ಲಿ ಯಾವುದು ಹೆಚ್ಚು ಬಾಳಿಕೆ ಬರುತ್ತದೆ ಎಂದು ಕೇಳಿದರೆ ನಾನು ಹಿಂದುಮುಂದು ನೋಡದೆ ಜೇಬಿನ ಚಾಕು ಎನ್ನುತ್ತೇನೆ. ಕೀಲುಗಳು ಕಡಿಮೆ ಇದ್ದಷ್ಟೂ ಆಯುಸ್ಸು ಹೆಚ್ಚು. ಹಾಗೆಂದು ಚಿಕ್ಕದನ್ನು ತಳ್ಳಿಹಾಕಬೇಕಾಗಿಲ್ಲ. ಅದು ಬೇಗ ಕೆಡುವುದು ಬಹುಪಾಲು ನಾವು ಅದನ್ನು ಇಡುವ ಜಾಗದಿಂದ ಮತ್ತು ಅದರಿಂದ ಮಾಡಿಸುವ ಕೆಲಸದಿಂದ.

ಉಕ್ಕಿನ ವಿಷಯದಲ್ಲಿ ಚಿಕ್ಕದೇನೂ ಕಳಪೆಯಲ್ಲ. ಸ್ವಿಟ್ಜರ್ಲೆಂಡಿನ ಇಬಾಕ್ ಊರಿನಲ್ಲಿ ಕಾರ್ಲ್ ಎಲ್ಸೆನರ್ 1884ರಲ್ಲಿ ಆರಂಭಿಸಿದ ಚಾಕು ಮಾಡುವ ಕಾರ್ಯಾಗಾರವೇ ಇಂದಿನ ವಿಕ್ಟೋರಿನಾಕ್ಸ್ ಕಂಪನಿ. ಅವರ 91 ಮಿಲಿಮೀಟರಿನ ಜೇಬಿನ ಚಾಕಿಗೂ ಕೀಲಿಗೊಂಚಲಿಗೆ ಒಪ್ಪುವ 58 ಮಿಲಿಮೀಟರಿನ ಕ್ಲಾಸಿಕ್ ಎಂಬ ಪುಟ್ಟ ಚಾಕಿಗೂ ಅಲಗಿನ ಉಕ್ಕು ಒಂದೇ ಬಗೆಯದು. ಗಡಸುತನ ರಾಕ್‌ವೆಲ್ ಅಳತೆಯಲ್ಲಿ ಸುಮಾರು 56. ಒಳಗಿನ ಸ್ಪ್ರಿಂಗುಗಳನ್ನು ಮಾತ್ರ ಮುರಿಯದಿರಲೆಂದು ಸ್ವಲ್ಪ ಮೆದುವಾಗಿ ಇಟ್ಟಿರುತ್ತಾರೆ. ವ್ಯತ್ಯಾಸವಿರುವುದು ದಪ್ಪದಲ್ಲಿ. ಒಂದು ಪಟ್ಟಿಯ ದಪ್ಪ ಇನ್ನೊಂದರ ಅರ್ಧವಿದ್ದರೆ, ಬಾಗದೆ ನಿಲ್ಲುವ ಅದರ ಬಿಗಿತ ಅರ್ಧಕ್ಕೆ ಇಳಿಯುವುದಿಲ್ಲ, ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಬಣ್ಣದ ಡಬ್ಬಿಯ ಮುಚ್ಚಳವನ್ನು ಪುಟ್ಟ ಅರದ ತುದಿಯಿಂದ ಮೀಟಿದರೆ ಅದು ಸೊಟ್ಟಗಾಗುವುದರಲ್ಲಿ ಆಶ್ಚರ್ಯವಿಲ್ಲ. ಮೀಟುವುದಕ್ಕೆ ಹಳೆಯ ಚಮಚದ ಹಿಡಿ ಸಾಕು. ದೊಡ್ಡ ಚಾಕಿನ ಅಲಗಿನಿಂದಲೂ ಮೀಟಬೇಡಿ. ತುದಿ ಮುರಿದರೆ ಮತ್ತೆ ಕೂಡುವುದಿಲ್ಲ.

ಇಕ್ಕಳವಿರುವ ಉಪಕರಣಗಳಿಗೆ ಇನ್ನೂ ಹೆಚ್ಚು ಎಚ್ಚರ ಬೇಕು. ಬೆರಳುದ್ದದ ಇಕ್ಕಳ ಕನ್ನಡಕದ ಕಡ್ಡಿ ಸರಿಪಡಿಸುವುದಕ್ಕೆ, ಸಿಕ್ಕಿಕೊಂಡ ಜಿಪ್ ಎಳೆಯುವುದಕ್ಕೆ, ತೆಳುವಾದ ತಾಮ್ರದ ತಂತಿ ತಿರುಚುವುದಕ್ಕೆ ಹೇಳಿ ಮಾಡಿಸಿದ್ದು. ಅದೇ ಇಕ್ಕಳದಿಂದ ನಲ್ಲಿಯ ನಟ್ಟು ತಿರುಗಿಸಹೊರಟರೆ ದವಡೆಗಳು ಒಂದಕ್ಕೊಂದು ಕೂಡದೆ ಓರೆಯಾಗುತ್ತವೆ. ಸೈಕಲ್ಲಿನ ಬ್ರೇಕ್ ತಂತಿ ಕತ್ತರಿಸಿದರೆ ಕತ್ತರಿಸುವ ಅಂಚಿನಲ್ಲಿ ಕಚ್ಚು ಬೀಳುತ್ತದೆ.

ಇನ್ನು ಇಡುವ ಜಾಗ. ಸ್ಕೂಟರಿನ ಕೀಲಿಗೆ ಇದನ್ನು ಕಟ್ಟಿ ಓಡಾಡುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ದಾರಿಯುದ್ದಕ್ಕೂ ಅದು ನೇತಾಡುತ್ತಾ ಬಡಿಯುತ್ತದೆ, ಮಳೆಗೆ ನೆನೆಯುತ್ತದೆ, ಕೀಲಿನೊಳಗೆ ರಸ್ತೆಯ ಧೂಳು ಹೊಕ್ಕು ಪ್ರತಿ ಬಾರಿ ತೆರೆದಾಗಲೂ ಲೋಹವನ್ನು ಸವೆಸುತ್ತದೆ. ಷರಟಿನ ಅಥವಾ ಪ್ಯಾಂಟಿನ ಜೇಬೂ ಸುಖದ ಜಾಗವಲ್ಲ. ಬೆವರಿನ ಉಪ್ಪು ಸ್ಟೇನ್‌ಲೆಸ್ ಉಕ್ಕಿನಲ್ಲೂ ಸೂಜಿಮೊನೆಯಷ್ಟು ಗುಳಿಗಳನ್ನು ಮಾಡುತ್ತದೆ. ಮಂಗಳೂರು, ಕಾರವಾರದ ಕಡೆಯವರಿಗೆ ಗಾಳಿಯಲ್ಲೇ ಉಪ್ಪಿದೆ. ಮನೆಯ ಕೀಲಿಗಳಿರುವ, ಚೀಲದಲ್ಲಿ ಇಡುವ ಗೊಂಚಲಿಗೆ ಇದನ್ನು ಸಿಕ್ಕಿಸಿ. ಸಿಕ್ಕಿಸುವ ಬಳೆ ಸವೆದು ಬಾಯಿ ಬಿಟ್ಟಿದೆಯೇ ಎಂದು ಆಗಾಗ ನೋಡಿ. ಕೆಟ್ಟುಹೋಗುವುದಕ್ಕೆ ಮೊದಲೇ ಉದುರಿ ಕಳೆದುಹೋಗುವುದು ಈ ಬಳೆಯಿಂದಲೇ.

ಸ್ವಚ್ಛ ಮಾಡುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಅರ್ಧ ಬಾಳಿಕೆ ಇರುವುದು ಅದರಲ್ಲೇ. ಬೆಳಕಿಗೆ ಹಿಡಿದು ಪದರಗಳ ನಡುವೆ ನೋಡಿದರೆ ಬಟ್ಟೆಯ ಜುಂಗು, ಮಣ್ಣು, ಹಣ್ಣಿನ ರಸ ಒಣಗಿ ಕಪ್ಪಗೆ ಕಿಟ್ಟ ಕಟ್ಟಿರುವುದು ಕಾಣುತ್ತದೆ. ಹಲ್ಲುಕಡ್ಡಿಯಿಂದ ಅದನ್ನು ಕೆದಕಿ ತೆಗೆಯಿರಿ. ಉಗುರುಬೆಚ್ಚಗಿನ ಸೋಪುನೀರಿನಲ್ಲಿ ಮುಳುಗಿಸಿ, ನೀರಿನೊಳಗೇ ಪ್ರತಿಯೊಂದು ಅಲಗನ್ನೂ ಹಲವು ಬಾರಿ ತೆರೆದು ಮುಚ್ಚಿ. ಆಮೇಲೆ ಒರೆಸಿ, ಎಲ್ಲವನ್ನೂ ತೆರೆದಿಟ್ಟು ಪೂರ್ತಿ ಆರಲು ಬಿಡಿ. ಕೊನೆಗೆ ಕೀಲುಗಳಿಗೆ ಒಂದೊಂದು ಹನಿ ಎಣ್ಣೆ. ಕೊಬ್ಬರಿ ಎಣ್ಣೆ ಬೇಡ, ದಿನ ಕಳೆದಂತೆ ಅದು ಕಮಟುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಹಣ್ಣು ಕೊಯ್ಯುವ ಚಾಕಿಗೆ ಔಷಧದ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಎಲ್ಲಕ್ಕಿಂತ ಒಳ್ಳೆಯದು, ಕೆಡುವುದಿಲ್ಲ, ವಾಸನೆಯಿಲ್ಲ. ಕೊಬ್ಬರಿ ಎಣ್ಣೆಗೆ ಬೇರೆ ಕೆಲಸವಿದೆ. ಹಲಸಿನ ಮೇಣ, ಪಾರ್ಸೆಲ್ ಟೇಪಿನ ಅಂಟು ಅಲಗಿಗೆ ಹತ್ತಿದ್ದರೆ ಅದನ್ನು ಸವರಿ ಒರೆಸಿದರೆ ಬಿಟ್ಟುಬರುತ್ತದೆ, ಆಮೇಲೆ ಸೋಪು ಹಾಕಿ ತೊಳೆದರಾಯಿತು.

ಕೀಲೇ ಕಡಿಮೆ ಇರಲಿ ಎನ್ನುವವರಿಗೆ ಫ್ರಾನ್ಸಿನ ಒಪಿನೆಲ್ ಇದೆ. 1890ರಿಂದ ಬಂದಿರುವ ಚಾಕು: ಒಂದು ಅಲಗು, ಒಂದು ಮರದ ಹಿಡಿ, 1955ರಿಂದ ಈಚೆಗೆ ಅಲಗನ್ನು ಬಿಗಿಹಿಡಿಯುವ ತಿರುಗುಬಳೆ. ಅದರಲ್ಲಿ ಕೆಡುವಂಥದ್ದು ಹೆಚ್ಚೇನೂ ಇಲ್ಲ. ಆದರೆ ಮಲೆನಾಡಿನ ಮಳೆಗಾಲದಲ್ಲಿ ಮರದ ಹಿಡಿ ಉಬ್ಬಿ ಅಲಗು ತೆರೆಯುವುದೇ ಕಷ್ಟವಾಗಬಹುದು. ಕೊಳ್ಳುವುದಾದರೆ ಸ್ಟೇನ್‌ಲೆಸ್ ಅಲಗಿನದನ್ನೇ ಕೊಳ್ಳಿ. ಕಾರ್ಬನ್ ಉಕ್ಕಿನದು ಬೇಗ ಹರಿತವಾಗುತ್ತದೆ, ನಿಜ. ಮಾವಿನಕಾಯಿ, ನಿಂಬೆಹಣ್ಣು ಕೊಯ್ದು ಒರೆಸದೆ ಇಟ್ಟರೆ ಅಷ್ಟೇ ಬೇಗ ಕಪ್ಪಾಗಿ ತುಕ್ಕು ಹಿಡಿಯುತ್ತದೆ.

ಅಂಗಡಿಯಲ್ಲಿ ಆಯಸ್ಕಾಂತ ಹಿಡಿದು ಪರೀಕ್ಷಿಸುವವರಿದ್ದಾರೆ. ಅಂಟಿದರೆ ಅದು ಅಸಲಿ ಸ್ಟೇನ್‌ಲೆಸ್ ಅಲ್ಲ ಎಂಬ ನಂಬಿಕೆ ಪಾತ್ರೆಯ ಅಂಗಡಿಯಿಂದ ಬಂದದ್ದು. ಚಾಕಿಗೆ ಅದು ಸಲ್ಲದು. ಕಾಯಿಸಿ ತಣಿಸಿ ಗಡಸು ಮಾಡಬಲ್ಲ ಸ್ಟೇನ್‌ಲೆಸ್ ಉಕ್ಕು ಆಯಸ್ಕಾಂತಕ್ಕೆ ಅಂಟಿಯೇ ಅಂಟುತ್ತದೆ. ಅದರ ಬದಲು ಅಲಗನ್ನು ಪೂರ್ತಿ ತೆರೆದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ. ಹೊಸದರಲ್ಲೇ ಕೀಲು ಸಡಿಲವಿದ್ದರೆ ವಾಪಸು ಕೊಡಿ. ತೆರೆಯುವಾಗಲೂ ಮುಚ್ಚುವಾಗಲೂ ಟಕ್ ಎಂಬ ಸದ್ದು ಬರಬೇಕು. ಹದಿನೈದು ಉಪಕರಣಗಳನ್ನು ಒಂದರಲ್ಲೇ ತುರುಕಿದ, ಮೇಲೆ ಹೊಳಪಿನ ಲೇಪವಿರುವ ಬೀದಿಬದಿಯ ಮಾಲನ್ನು ನಾನು ಯಾರಿಗೂ ಕೊಡಿಸುವುದಿಲ್ಲ. ಲೇಪ ಸುಲಿದ ಮೇಲೆ ಒಳಗಿನ ಮೆದು ಕಬ್ಬಿಣ ಕಾಣುತ್ತದೆ.

ಸಾಣೆ ಹಿಡಿಸುವಾಗ ಪುಟ್ಟ ಅಲಗನ್ನು ತಿರುಗುವ ಚಕ್ರಕ್ಕೆ ಕೊಡಬೇಡಿ. ತೆಳುವಾದ ಅಂಚು ಕ್ಷಣದಲ್ಲಿ ಕಾದು ನೀಲಿಗಟ್ಟುತ್ತದೆ, ಅಲ್ಲಿಗೆ ಹದ ಹೋಯಿತು; ಎಷ್ಟು ಸಾಣೆ ಹಿಡಿದರೂ ಹರಿತ ನಿಲ್ಲದು. ಪಿಂಗಾಣಿ ಬಟ್ಟಲನ್ನು ಬೋರಲು ಹಾಕಿ, ತಳದಲ್ಲಿರುವ ಹೊಳಪಿಲ್ಲದ ಒರಟು ಬಳೆಯ ಮೇಲೆ ಅಲಗನ್ನು 15ರಿಂದ 20 ಡಿಗ್ರಿ ಓರೆಯಾಗಿಟ್ಟು ಎರಡೂ ಬದಿ ಮೆಲ್ಲಗೆ ಎಳೆದರೆ ಸಾಕು.

ಸ್ವಿಸ್ ಚಾಕಿನ ಕತ್ತರಿಯ ಪುಟ್ಟ ಸ್ಪ್ರಿಂಗು, ಹಲ್ಲುಕಡ್ಡಿ, ಚಿಮುಟ ಮೂರೂ ಬೇರೆಯಾಗಿ ಸಿಗುತ್ತವೆ. ಸ್ಪ್ರಿಂಗು ಮುರಿಯಿತೆಂದು ಇಡೀ ಚಾಕನ್ನು ಎಸೆಯಬೇಡಿ. ಕೆಂಪು ಪ್ಲಾಸ್ಟಿಕ್ ಹಿಡಿಗೆ ಉಗುರುಬಣ್ಣ ಅಳಿಸುವ ದ್ರವ ತಾಗಿಸಬೇಡಿ, ಅದರಲ್ಲಿರುವ ಅಸಿಟೋನ್ ಹಿಡಿಯನ್ನು ಕರಗಿಸಿ ಮಂಕು ಮಾಡುತ್ತದೆ. ಕೀಲಿಗೊಂಚಲಿಗಾದರೆ ಅಲ್ಯೂಮಿನಿಯಮ್ ಹಿಡಿಯದೇ ಮೇಲು. ಬಿಲ್ಲನ್ನು ಜೋಪಾನವಾಗಿಡಿ: ವಿಕ್ಟೋರಿನಾಕ್ಸ್ ಉಕ್ಕಿನ ಮತ್ತು ತಯಾರಿಕೆಯ ದೋಷಕ್ಕೆ ಕಾಲಮಿತಿಯಿಲ್ಲದ ಖಾತರಿ ಕೊಡುತ್ತದೆ, ಇಕ್ಕಳವಿರುವ ಉಪಕರಣ ಮಾಡುವ ಅಮೆರಿಕದ ಲೆದರ್‌ಮನ್ 25 ವರ್ಷದ್ದು. ಮೀಟಿ ಮುರಿದದ್ದು ಖಾತರಿಗೆ ಸೇರುವುದಿಲ್ಲ.

ವಿಮಾನದಲ್ಲಿ ಹೋಗುವ ಹಿಂದಿನ ರಾತ್ರಿ ಗೊಂಚಲನ್ನು ಒಮ್ಮೆ ನೋಡಿ. ಚಾಕಿರುವ ಉಪಕರಣ ಎಷ್ಟೇ ಚಿಕ್ಕದಿದ್ದರೂ ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲ. ಬಿಚ್ಚಿ, ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿ ಬಟ್ಟೆಯ ನಡುವೆ ಸುತ್ತಿಡಿ.