ಮದ್ದು ಅಂದರೆ ಔಷಧಿ ಅಂದುಕೊಂಡಿದ್ದೆ

ನಾನು ಪುತ್ತೂರು ಕಡೆಯವನು. ನಮ್ಮಲ್ಲಿ ಮದ್ದು ಅಂದರೆ ಔಷಧಿ. ಜ್ವರಕ್ಕೂ ಮದ್ದು, ಕೆಮ್ಮಿಗೂ ಮದ್ದು, ಮಳೆಗಾಲದಲ್ಲಿ ಅಡಿಕೆಗೆ ಬಿಡುವುದೂ ಮದ್ದೇ. ಬ್ಯಾಂಕ್ ಕೆಲಸದಲ್ಲಿ ಚಿತ್ರದುರ್ಗಕ್ಕೆ ವರ್ಗವಾದ ಹೊಸತರಲ್ಲಿ ಒಂದು ಭಾನುವಾರ ಕೋಟೆ ಹತ್ತಿದೆ. ಒಳಗೆ ಒಂದು ದೊಡ್ಡ ಗುಂಡಿ. ಅದರಲ್ಲಿ ನಾಲ್ಕು ಭಾರಿ ಬೀಸುವ ಕಲ್ಲು. 'ಇದು ಮದ್ದು ಬೀಸೋ ಕಲ್ಲು' ಅಂದರು ಜೊತೆಗಿದ್ದವರು. ಗಾಯಗೊಂಡ ಸೈನಿಕರಿಗೆ ಇಷ್ಟೊಂದು ಔಷಧಿ ಬೇಕಾಗುತ್ತಿತ್ತಾ ಅಂತ ಬೆರಗಾಗಿ ನಿಂತೆ.

ಅದು ಕೋವಿಯ ಮದ್ದು ಅಂತ ಗೊತ್ತಾದದ್ದು ಆಮೇಲೆ. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿಸಿ ಬೀಸಿದ ಪುಡಿ. ಮದ್ದುಗುಂಡು ಅನ್ನುವ ಪದವನ್ನು ಪತ್ರಿಕೆಯಲ್ಲಿ ಎಷ್ಟು ಸಲ ಓದಿದ್ದೆನೋ. ಅದರೊಳಗೆ ಕೂತಿದ್ದ ಮದ್ದು ಮಾತ್ರ ಕಂಡಿರಲಿಲ್ಲ.

ಆ ವಾರವೇ ತ.ರಾ.ಸು. ಅವರ 'ದುರ್ಗಾಸ್ತಮಾನ' ತಂದೆ. ಕಾಲೇಜಿನಲ್ಲಿ ಒಮ್ಮೆ ಶುರು ಮಾಡಿ ಬಿಟ್ಟಿದ್ದ ಪುಸ್ತಕ. ಆಗ ನನ್ನನ್ನು ನಿಲ್ಲಿಸಿದ್ದು ಪದಗಳು. ಐತಿಹಾಸಿಕ ಕಾದಂಬರಿ ತೆರೆದರೆ ಸಾಕು, ದಳವಾಯಿ, ಕೊತ್ತಲ, ದಿಡ್ಡಿ ಬಾಗಿಲು, ನಿರೂಪ, ಉಂಬಳಿ, ಹಡಪ, ಬಿನ್ನವತ್ತಳೆ ಅಂತ ಸಾಲುಗಟ್ಟಿ ಬರುತ್ತವೆ. ಪ್ರತಿ ಪದಕ್ಕೂ ನಿಘಂಟು ತೆಗೆದರೆ ಕಥೆ ಸತ್ತೇ ಹೋಗುತ್ತದೆ. ತೆಗೆಯದಿದ್ದರೆ ಏನೋ ತಪ್ಪಿಹೋಯಿತು ಅನ್ನೋ ಕಸಿವಿಸಿ.

ಈ ಸಲ ಬೇರೆ ದಾರಿ ಹಿಡಿದೆ. ಕೈಯಲ್ಲಿ ಪೆನ್ಸಿಲ್. ಗೊತ್ತಿಲ್ಲದ ಪದದ ಕೆಳಗೆ ಗೆರೆ ಎಳೆದು ಮುಂದೆ ಹೋಗುವುದು, ಎಲ್ಲೂ ನಿಲ್ಲುವುದಿಲ್ಲ. ಅಧ್ಯಾಯ ಮುಗಿದ ಮೇಲೆ ಆ ಪದಗಳನ್ನು ನೋಟ್‌ಬುಕ್ಕಿಗೆ ಇಳಿಸುವುದು. ಪದದ ಎದುರು ಒಂದು ಕಾಲಂ. ಅರ್ಥ ಬರೆಯಲಿಕ್ಕಲ್ಲ. 'ಈಗ ಎಲ್ಲಿದೆ?' ಅಂತ ಬರೆಯಲಿಕ್ಕೆ. ಈ ಪದ ಈವತ್ತಿಗೂ ಯಾರ ಬಾಯಲ್ಲಿ, ಯಾವ ಊರಿನ ಹೆಸರಲ್ಲಿ, ಯಾವ ಬೋರ್ಡಿನಲ್ಲಿ ಉಳಿದಿದೆ ಅಂತ ಹುಡುಕುವುದು. ನಿಘಂಟು ಕೊನೆಗೆ.

ಹುಡುಕತೊಡಗಿದ ಮೇಲೆ ಆಶ್ಚರ್ಯ ಆಯ್ತು. ಲಗ್ಗೆ ಅಂದರೆ ಕೋಟೆಯ ಮೇಲೆ ನುಗ್ಗುವುದು. ಈಗ ಹೊಸ ಮೊಬೈಲ್ ಮಾರುಕಟ್ಟೆಗೆ ಲಗ್ಗೆ ಇಡುತ್ತದೆ. ಬೊಕ್ಕಸ ಅರಸರ ಖಜಾನೆ. ಸರ್ಕಾರದ ಬೊಕ್ಕಸಕ್ಕೆ ನಷ್ಟ ಅಂತ ಈಗಲೂ ಓದುತ್ತೇವೆ. ದಂಡು ಅಂದರೆ ಸೈನ್ಯ. ಬೆಂಗಳೂರಿನ ಕಂಟೋನ್ಮೆಂಟ್ ರೈಲು ನಿಲ್ದಾಣದ ಬೋರ್ಡಿನಲ್ಲಿ 'ಬೆಂಗಳೂರು ದಂಡು' ಅಂತ ದಪ್ಪಕ್ಷರದಲ್ಲೇ ಇದೆ. ಸೈನ್ಯ ಬೀಡುಬಿಟ್ಟ ಜಾಗ ಪಾಳೆಯ. ಬೆಂಗಳೂರಿನ ಅಷ್ಟೊಂದು ಪಾಳ್ಯಗಳ ಹೆಸರಿನಲ್ಲಿ ಇರುವುದು ಅದೇ ಪದ.

ಹೊತ್ತಿನ ಲೆಕ್ಕ ನನಗೆ ತುಂಬ ಖುಷಿ ಕೊಟ್ಟಿತು. ಒಂದು ಜಾವಕ್ಕೆ 3 ಗಂಟೆ. ಒಂದು ಗಳಿಗೆಗೆ 24 ನಿಮಿಷ. 'ರಾತ್ರಿ ಎರಡು ಜಾವ ಕಳೆದು ಮೂರು ಗಳಿಗೆ ಆಗಿತ್ತು' ಅಂದರೆ? ಸಂಜೆ ಆರರಿಂದ ಎಣಿಸಿದರೆ ಎರಡು ಜಾವಕ್ಕೆ ನಡುರಾತ್ರಿ. ಮೇಲೆ 72 ನಿಮಿಷ. ಅಂದರೆ ಒಂದೂಕಾಲಿಗೆ ಮೂರು ನಿಮಿಷ ಕಡಿಮೆ. ಕಾವಲಿನವನ ಕಣ್ಣು ಎಳೆಯುವ ಹೊತ್ತು ಅದು, ಅಲ್ವಾ? ಲೆಕ್ಕ ಹಾಕಿದ ಮೇಲೆ ಅಂಥ ಸಾಲು ಓದಿದರೆ ಮೈ ಜುಮ್ಮೆನ್ನುತ್ತದೆ. ಹರದಾರಿಯೂ ಹಾಗೇ. ಸುಮಾರು ಮೂರು ಮೈಲಿ ಅಂತ ಗೊತ್ತಿದ್ದರೆ ಓಲೆ ಹೊತ್ತು ಓಡಿದವನ ಕಾಲು ಎಷ್ಟು ಸೋತಿರಬೇಕು ಅನ್ನುವುದು ತಿಳಿಯುತ್ತದೆ.

ಓಲೆಯ ಮಾತು ಬಂತು. ದುರ್ಗದಿಂದ ನನಗೆ ಬಾಗಲಕೋಟೆಗೆ ವರ್ಗವಾಯಿತು. ಅಲ್ಲಿ ಕೌಂಟರಿನಲ್ಲಿ ಕೂತು ಹೆಸರು ಕರೆಯುವಾಗ ನನ್ನ ನೋಟ್‌ಬುಕ್ಕೇ ಎದುರು ಬಂದು ನಿಂತ ಹಾಗಾಯಿತು. ದಳವಾಯಿ, ತಳವಾರ, ಕಿಲ್ಲೇದಾರ, ಹಡಪದ, ಸುಂಕದ, ವಾಲೀಕಾರ. ಅರಮನೆ, ಕೋಟೆ, ಸುಂಕದ ಕಟ್ಟೆ ಎಲ್ಲ ಪಾಸ್‌ಬುಕ್ ಹಿಡಿದು ಸಾಲಿನಲ್ಲಿ ನಿಂತಿದ್ದವು. ವಾಲೀಕಾರ ಮಾತ್ರ ನನಗೆ ಹೊಳೆಯಲಿಲ್ಲ. ಪೆನ್ಶನ್ ತೆಗೆಯಲು ಬಂದ ಹಿರಿಯರೊಬ್ಬರನ್ನು ಕೇಳಿದೆ.

'ನಮ್ಮಜ್ಜ ಗೌಡ್ರ ಚೀಟಿ ತಗೊಂಡು ಊರೂರಿಗೆ ಹೋಗ್ತಿದ್ರಿ ಸರ. ವಾಲಿ ಒಯ್ಯಾಂವ ವಾಲೀಕಾರ.'

ವಾಲಿ ಅಂದರೆ ಓಲೆ! ಕಾದಂಬರಿಯ ಓಲೆಕಾರ ನನ್ನ ಕೌಂಟರಿನ ಆಚೆ ಕೂತು ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಳ್ಳುತ್ತಿದ್ದರು. ಆ ದಿನ ಮನೆಗೆ ಹೋಗಿ ಮೊದಲು ಮಾಡಿದ ಕೆಲಸ ಆ ಕಾಲಂ ತುಂಬಿದ್ದು.

ಹಡಪ ಅಂದರೆ ಎಲೆ ಅಡಿಕೆಯ ಚೀಲ. ಅರಸನಿಗೆ ವೀಳ್ಯ ಕೊಡುವವನು ಸದಾ ಅರಸನ ಪಕ್ಕದಲ್ಲೇ ನಿಲ್ಲಬೇಕು. ಗುಟ್ಟಿನ ಮಾತೆಲ್ಲ ಅವನ ಕಿವಿಗೆ ಬೀಳುತ್ತದೆ. ಇದು ಗೊತ್ತಾದ ಮೇಲೆ ಕಥೆಯಲ್ಲಿ ಹಡಪದವನು ಬಂದರೆ ನಾನು ಎಚ್ಚರವಾಗುತ್ತೇನೆ.

ಹಳೆಯ ಕಾದಂಬರಿಗಳನ್ನು ಸುಲಭ ಕನ್ನಡಕ್ಕೆ ತಿರುಗಿಸಿ ಅಚ್ಚು ಹಾಕಬೇಕು ಅಂತ ನನ್ನ ಗೆಳೆಯರೊಬ್ಬರ ವಾದ. ದಳವಾಯಿ ಇದ್ದಲ್ಲಿ ಸೇನಾಧಿಪತಿ ಅಂತ ಹಾಕಿದರೆ ಆಯ್ತಲ್ಲ ಅನ್ನುತ್ತಾರೆ. ನನಗೆ ಒಪ್ಪಿಗೆ ಇಲ್ಲ. 18ನೇ ಶತಮಾನದ ಮೈಸೂರು ನೋಡಿ. ಅರಸರು ಸಿಂಹಾಸನದ ಮೇಲೆ, ರಾಜ್ಯ ಮಾತ್ರ ಕಳಲೆ ಮನೆತನದ ದಳವಾಯಿಗಳ ಕೈಯಲ್ಲಿ. ದುರ್ಗದಲ್ಲೂ ದಳವಾಯಿ ಮುದ್ದಣ್ಣನ ಕೈ ಅರಸರನ್ನೇ ಇಳಿಸುವಷ್ಟು ಉದ್ದವಿತ್ತು. ಸೇನಾಧಿಪತಿ ಅಂದರೆ ಆ ಭಯ ಬರುತ್ತಾ? ಪದ ಬದಲಾದರೆ ಆ ಮನುಷ್ಯನೇ ಬದಲಾಗುತ್ತಾನೆ.

ಇಷ್ಟಾದ ಮೇಲೂ ಸಿಗದ ಪದಗಳಿಗೆ ನಿಘಂಟು ಇದ್ದೇ ಇದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ಈಗ ಇಂಟರ್ನೆಟ್ಟಿನಲ್ಲೂ ಸಿಗುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನದು ಎಂಟು ಸಂಪುಟ. ಅದರಲ್ಲಿ ಹಳೆಯ ಕಾವ್ಯ, ಶಾಸನಗಳಿಂದ ಪ್ರಯೋಗವನ್ನೂ ಕೊಟ್ಟಿರುತ್ತಾರೆ. ನಾನು ಜಾಸ್ತಿ ನೋಡುವುದು ಅದನ್ನೇ.

ನೋಟ್‌ಬುಕ್ಕಿನಲ್ಲಿ ಒಂದು ಪದದ ಎದುರು ಕಾಲಂ ಇನ್ನೂ ಖಾಲಿ ಇದೆ. ನೆತ್ತರುಗೊಡಗೆ. ಯುದ್ಧದಲ್ಲಿ ಸತ್ತವನ ಮನೆಯವರಿಗೆ ಬಿಟ್ಟುಕೊಡುತ್ತಿದ್ದ ಭೂಮಿ. ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನೆತ್ತರು ಗೊತ್ತು. ಕೊಡುಗೆ ಅಂತೂ ಹಬ್ಬದ ಜಾಹೀರಾತಿನಲ್ಲಿ ದಿನಾ ಕಾಣುತ್ತದೆ. ಎರಡೂ ಕೂಡಿದ ಪದ ಮಾತ್ರ ಶಾಸನದ ಕಲ್ಲುಗಳ ಆಚೆ ನನಗೆ ಎಲ್ಲೂ ಸಿಕ್ಕಿಲ್ಲ. ನಿಮ್ಮ ಊರಿನಲ್ಲಿ ಯಾವುದಾದರೂ ಹೊಲಕ್ಕೆ, ಗದ್ದೆಗೆ ಅಂಥ ಹೆಸರು ಉಳಿದಿದ್ದರೆ, ಹಿರಿಯರ ಬಾಯಲ್ಲಿ ಕೇಳಿದ್ದರೆ, ದಯವಿಟ್ಟು ತಿಳಿಸಿ.